ತಾನಾಗಿಯೇ ಬಂದ ಕಾಲು

ಶಮೀಮ್ ಮೇಡಂ ಕೈಗೆ ಔಷಧದ ವಾಸನೆ ಇರುತ್ತಿರಲಿಲ್ಲ, ಗ್ರೀಸಿನ ವಾಸನೆ ಇರುತ್ತಿತ್ತು. ರಾಣೆಬೆನ್ನೂರಿನ ಸಣ್ಣ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ವ್ಯಾಯಾಮ ಮಾಡಿಸುವುದು ಅವರ ಕೆಲಸ. ಅಣ್ಣನ ಟ್ರ್ಯಾಕ್ಟರ್ ಗ್ಯಾರೇಜಿನಿಂದ ಇಂಜಿನ್ ಎತ್ತುವ ಸರಪಳಿ ತಂದು ವ್ಯಾಯಾಮದ ಕೋಣೆಯ ತೊಲೆಗೆ ಬಿಗಿದಿದ್ದರು. ಅದಕ್ಕೆ ಮೊದಲು ನೇತುಬಿದ್ದವನು ನಾನು.

ನಾನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಒಟ್ಟಿದ್ದ ಚೀಲಗಳ ಮೇಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸತ್ತಂತಾಗಿತ್ತು. ದೊಡ್ಡ ಡಾಕ್ಟರು ಗಾಲಿಕುರ್ಚಿ ಬರೆದುಕೊಟ್ಟು ಕೈತೊಳೆದುಕೊಂಡರು. ನೋಡಲು ಬಂದವರು 'ಪಾಪ' ಅಂದು ಬಾಳೆಹಣ್ಣು ಇಟ್ಟು ಹೋಗುತ್ತಿದ್ದರು. ಆ ಹಣ್ಣನ್ನು ಅವರ ಮುಖಕ್ಕೇ ಎಸೆಯಬೇಕೆನಿಸುತ್ತಿತ್ತು. ಮೇಡಂ ಒಮ್ಮೆಯೂ ಪಾಪ ಅನ್ನಲಿಲ್ಲ. ನನ್ನ ಹುರಿ ಪೂರ್ತಿ ಹರಿದಿರಲಿಲ್ಲ. ದೇಹದ ಭಾರವನ್ನು ಮೇಲೆ ಹಿಡಿದು ಕಾಲು ಆಡಿಸುತ್ತಾ ಹೋದರೆ ಅದಕ್ಕೆ ನಡಿಗೆ ನೆನಪಾಗಬಹುದು, ಹೊರದೇಶದಲ್ಲಿ ಹೀಗೆ ಪ್ರಯೋಗ ನಡೆದಿದೆ ಎಂದು ಹಾವೇರಿಯ ಸೈಬರ್ ಕೆಫೆಯಲ್ಲಿ ಕೂತು ಓದಿಕೊಂಡಿದ್ದರು.

"ಬರತೈತಿ ಅಂತ ಹೇಳಂಗಿಲ್ರಿ. ಬರೂದಿಲ್ಲ ಅಂತನೂ ಹೇಳಂಗಿಲ್ಲ" ಎಂದಿದ್ದರು.

ದಿನಾ ಎರಡು ತಾಸು ನನ್ನನ್ನು ತೂಗುಹಾಕಿ, ತಾವು ಕೆಳಗೆ ಕೂತು ನನ್ನ ಪಾದ ಎತ್ತಿ ಎತ್ತಿ ಇಡುತ್ತಿದ್ದರು. ಹೆಜ್ಜೆಗೊಮ್ಮೆ "ಹಿಮ್ಮಡಿ ಮೊದಲ" ಎಂಬ ಒಂದೇ ಮಂತ್ರ. ಮೂರು ತಿಂಗಳಾದರೂ ಏನೂ ಆಗಲಿಲ್ಲ. ಒಂದು ದಿನ ಸಿಟ್ಟು ನೆತ್ತಿಗೇರಿ, ನನ್ನನ್ನೇನು ಕೆಟ್ಟ ಇಂಜಿನ್ ಅಂದುಕೊಂಡಿದ್ದೀರಾ ಎಂದು ಬಾಯಿಗೆ ಬಂದಂತೆ ಬೈದೆ. ಅವರು ತಲೆಯನ್ನೂ ಎತ್ತಲಿಲ್ಲ.

"ನೀವು ಬ್ಯಾಡಗಿ ಮೆಣಸಿನಕಾಯಿ ಅದೀರಿ. ಬಣ್ಣ ಭಾಳ, ಖಾರ ಇಲ್ಲ."

ನನ್ನ ಸರಕನ್ನೇ ನನ್ನ ಮೇಲೆ ಎಸೆದಿದ್ದರು. ಅವರ ಕೈಯಿಂದ ಕಾಲು ಕಿತ್ತುಕೊಳ್ಳಲೇಬೇಕೆಂದು ಹಲ್ಲು ಕಚ್ಚಿದೆ. ಬಲಗಾಲಿನ ಹೆಬ್ಬೆರಳು ಅಲುಗಿತು. ಮೇಡಂ ಅದನ್ನೇ ಬಹಳ ಹೊತ್ತು ನೋಡಿ, "ಇನ್ನೊಮ್ಮಿ ಬೈರಿ" ಅಂದರು.

ವರ್ಷ ತುಂಬುವಷ್ಟರಲ್ಲಿ ಎರಡು ಕೋಲೂರಿ ನಡೆಯುತ್ತಿದ್ದೆ. ಆಗ ಆಡಳಿತದವರಿಗೆ ಸರಪಳಿ ಕಣ್ಣಿಗೆ ಬಿತ್ತು. ಪರೀಕ್ಷೆಗೆಂದು ಹಿರಿಯ ಡಾಕ್ಟರೊಬ್ಬರನ್ನು ಕರೆಸಿದರು. ನನ್ನ ನಂತರ ಆ ಸರಪಳಿ ಹಿಡಿಯಬೇಕಾಗಿದ್ದವಳು ಮೇಡ್ಲೇರಿಯ ಗಂಗವ್ವ. ಹೊಲದ ಬಾವಿಗೆ ಬಿದ್ದು ನನ್ನ ಹಾಗೆಯೇ ಆದವಳು. ನಾನು ನಡೆದು ತೋರಿಸಿದರೆ ಸರಪಳಿ ಉಳಿಯುತ್ತದೆ ಎಂದು ನಂಬಿ, ಬೆವರು ಸುರಿಸಿ ಏಳು ಹೆಜ್ಜೆ ಇಟ್ಟೆ. ಆ ಮನುಷ್ಯ ಕನ್ನಡಕ ಒರೆಸಿಕೊಂಡು, ಇಂಥವರಲ್ಲಿ ಕೆಲವರಿಗೆ ಕಾಲು ತಾನಾಗಿಯೇ ಬರುತ್ತದೆ ಎಂದರು. ಗ್ಯಾರೇಜ್ ಸಾಮಾನು ತೆಗೆಸಲು ಬರೆದರು.

"ತಾನ ಅಂದ್ರ ಯಾರ್ರಿ, ಸರ?" ಎಂದು ಮೇಡಂ ಕೇಳಿದರು. ಡಾಕ್ಟರು ಪೆನ್ನು ಜೇಬಿಗಿಟ್ಟುಕೊಂಡು ಹೊರಟರು. ಮರುವಾರ ಮೇಡಂ ಕೆಲಸ ಬಿಟ್ಟರು.

ಕೊನೆಯ ಸಲ ಕಂಡದ್ದು ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ. ಆ ಡಾಕ್ಟರನ್ನು ಬೈಯಲು ನಾನು ಬಾಯಿ ತೆರೆದರೆ, ಮೇಡಂ ನನ್ನ ಮುಖ ನೋಡಲಿಲ್ಲ, ಪಾದ ನೋಡಿದರು. "ಹಿಮ್ಮಡಿ ಮೊದಲ" ಅಂದು ಬಸ್ ಹತ್ತಿದರು. ಎಲ್ಲಿದ್ದಾರೋ ಗೊತ್ತಿಲ್ಲ.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲೂಬಾರದು. ವರ್ಷಕ್ಕೊಮ್ಮೆ ಮೇಡ್ಲೇರಿಗೆ ಹೋಗಿ ಬರುತ್ತೇನೆ. ಗಂಗವ್ವ ಇನ್ನೂ ಮಂಚದ ಮೇಲೇ ಇದ್ದಾಳೆ. ಅವಳ ಕಾಲು ತಾನಾಗಿ ಬರಲಿಲ್ಲ.