ಹದಿನಾಲ್ಕನೇ ಸಾಲನ್ನು ಕೆಡಿಸಿದವಳು

ಮುರುಗೇಶ್, ನಿಮ್ಮ ಪ್ರೋಗ್ರಾಮಿನ ಹದಿನಾಲ್ಕನೇ ಸಾಲನ್ನು ಕೆಡಿಸಿದವಳು ನಾನು. ನೀವು ಕೂಡುವ ಚಿಹ್ನೆ ಬರೆದುಕೊಟ್ಟಿದ್ದಿರಿ. ನಾನು ಅದನ್ನು ಕಳೆಯುವ ಚಿಹ್ನೆ ಮಾಡಿ ನಮ್ಮ ಪತ್ರಿಕೆಯಲ್ಲಿ ಇಳಿಸಿದೆ. ಕೈತಪ್ಪಿನಿಂದಲ್ಲ, ಕಣ್ಣು ಮಂಜಾಗಿ ಅಲ್ಲ — ಬೇಕೆಂದೇ. ಆಮೇಲೆ ಎಲ್ಲರ ಎದುರು ಕೂತು ಸುಳ್ಳು ಹೇಳಿದೆ.

ಇನ್ನೊಂದನ್ನೂ ಮೊದಲೇ ಹೇಳಿಬಿಡುತ್ತೇನೆ. ನೀವು ನನಗೆ ಆಗಲೂ ಇಷ್ಟವಿರಲಿಲ್ಲ, ಈಗಲೂ ಇಲ್ಲ. ತಪ್ಪು ಒಪ್ಪಿಕೊಂಡರೆ ಮನಸ್ಸು ಮೆತ್ತಗಾಗುತ್ತದೆ ಅನ್ನುತ್ತಾರೆ — ನನಗೆ ಹಾಗೇನೂ ಆಗಿಲ್ಲ. ನಿಮ್ಮ ಹೆಸರು ಬರೆಯುವಾಗ ಇವತ್ತಿಗೂ ಹಲ್ಲು ಬಿಗಿಯುತ್ತದೆ. ಆದ್ದರಿಂದ ಇಲ್ಲಿ ಸವಿಮಾತು ಹುಡುಕಬೇಡಿ. ನಡೆದದ್ದನ್ನು ಮಾತ್ರ ಬರೆಯುತ್ತೇನೆ. ಈ ಕಾಗದವನ್ನು ನಮ್ಮ ಗುಂಪಿನ ಹಳಬರೂ, ಏನೂ ತಿಳಿಯದ ಅವರ ಮನೆಯವರೂ ಓದಬೇಕೆಂದಿರುವುದರಿಂದ ನಿಮಗೆ ಗೊತ್ತಿರುವುದನ್ನೂ ಬರೆಯಬೇಕಾಗಿದೆ.

ನಾವು ಒಂಬತ್ತು ಜನ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಿವೃತ್ತ ಗಣಿತ ಮೇಷ್ಟ್ರು ಹಾಲಪ್ಪನವರ ಮನೆಯ ಮಹಡಿ, ತಿಂಗಳ ಮೊದಲ ಭಾನುವಾರ, ಒಂದು ಬುಟ್ಟಿ ಮಂಡಕ್ಕಿ, ಮಧ್ಯದಲ್ಲಿ ಚಾಪೆಯ ಮೇಲೆ ಕ್ಯಾಲ್ಕುಲೇಟರುಗಳು. ಅಂಗಡಿಯಲ್ಲಿ ಬೆಲೆ ಕೂಡುವ ಕ್ಯಾಲ್ಕುಲೇಟರಲ್ಲ. ಪ್ರೋಗ್ರಾಮ್ ಬರೆದು ಒಳಗಿಟ್ಟುಕೊಳ್ಳಬಹುದಾದದ್ದು, ಅಂಗೈಯಗಲದ ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಗ್ರಾಫ್ ಬಿಡಿಸುವಂಥದ್ದು. ಆಗ ನಮ್ಮ ಕಡೆ ಮನೆಯಲ್ಲಿ ಕಂಪ್ಯೂಟರ್ ಇದ್ದವರು ಎಷ್ಟು ಜನ? ನಮಗೆ ಅದೇ ಕಂಪ್ಯೂಟರ್. ನನ್ನದನ್ನು ಚಿಕ್ಕಪ್ಪನ ಮಗ ಮಸ್ಕತ್ತಿನಿಂದ ತಂದುಕೊಟ್ಟಿದ್ದ. ನಾನು ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುವವರಿಗೆ ಸಿವಿಲ್ ಕಲಿಸುತ್ತಿದ್ದೆ. ಗುಂಪಿನಲ್ಲಿ ನಾನೊಬ್ಬಳೇ ಹೆಂಗಸು, ಎಲ್ಲರಿಗಿಂತ ಹೆಚ್ಚು ಓದಿದವಳು — ಇದನ್ನು ನಾನು ಒಂದು ದಿನವೂ ಮರೆಯಲಿಲ್ಲ, ಬೇರೆಯವರಿಗೂ ಮರೆಯಲು ಬಿಡಲಿಲ್ಲ.

ಎರಡು ಪುಟದ ಪತ್ರಿಕೆಯೊಂದನ್ನು ತರುತ್ತಿದ್ದೆವು. ಹೆಸರು ‘ಅಂಕಿಚುಕ್ಕಿ’. ನಾನೇ ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸುತ್ತಿದ್ದೆ. ಗುಂಡಿಯಂಥ ಬ್ಯಾಟರಿ ಶಿವಮೊಗ್ಗದ ಗಾಂಧಿ ಬಜಾರಿನ ಯಾವ ವಾಚಿನಂಗಡಿಯಲ್ಲಿ ಸಿಗುತ್ತದೆ, ಎರಡು ಬ್ಯಾಟರಿಯನ್ನೂ ಒಟ್ಟಿಗೆ ತೆಗೆದರೆ ಬರೆದಿಟ್ಟದ್ದೆಲ್ಲ ಹೇಗೆ ಅಳಿಸಿಹೋಗುತ್ತದೆ, ಹೊಸ ಮಾದರಿ ಯಾವುದು ಬಂತು — ಇಂಥ ಸುದ್ದಿ, ಜೊತೆಗೆ ತಿಂಗಳಿಗೊಂದು ಪ್ರೋಗ್ರಾಮ್. ಹೆಚ್ಚಿನ ತಿಂಗಳು ಅದು ನನ್ನದೇ.

ನೀವು ಬಂದದ್ದು ಎರಡನೇ ವರ್ಷ. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಗುತ್ತಿಗೆ ಕೆಲಸ, ಐ.ಟಿ.ಐ. ಓದು, ಕನ್ನಡದ ನಡುವೆ ನುಸುಳುವ ತಮಿಳು. ಯಂತ್ರ ಕೂರಿಸಲು ಬಂದಿದ್ದ ಹೊರದೇಶದವನೊಬ್ಬ ಬಿಟ್ಟುಹೋದ ಕ್ಯಾಲ್ಕುಲೇಟರ್ ಕೈಯಲ್ಲಿ. ಅದರ ಪರದೆಯ ಒಂದು ಮೂಲೆ ಕಪ್ಪಗೆ ಸತ್ತಿತ್ತು. ಇವರಿಗೇನು ಬರುತ್ತದೆ ಅಂದುಕೊಂಡೆ. ಇಲ್ಲ, ಅಷ್ಟು ಮರ್ಯಾದೆಯ ಮಾತಲ್ಲ ನಾನು ಅಂದುಕೊಂಡದ್ದು.

ರಸ್ತೆ ದಿಬ್ಬ ಹತ್ತಿ ಇಳಿಯುವಲ್ಲಿ, ತಗ್ಗಿಗಿಳಿದು ಏಳುವಲ್ಲಿ ಎಲ್ಲೆಲ್ಲಿ ಎಷ್ಟು ಎತ್ತರ ಇರಬೇಕೆಂದು ಲೆಕ್ಕ ಹಾಕುವ ಪ್ರೋಗ್ರಾಮೊಂದನ್ನು ನಾನು ನಾಲ್ಕು ತಿಂಗಳು ಕೂತು ಬರೆದಿದ್ದೆ. ನಲವತ್ತೊಂದು ಸಾಲು. ಒಂದು ಸಭೆಯಲ್ಲಿ ಎಲ್ಲರಿಗೂ ತೋರಿಸಿದೆ. ಮುಂದಿನ ಸಭೆಗೆ ನೀವು ಅದೇ ಕೆಲಸವನ್ನು ಹತ್ತೊಂಬತ್ತು ಸಾಲಿನಲ್ಲಿ ಮಾಡಿಕೊಂಡು ಬಂದಿರಿ. ನಿಮ್ಮದು ಗ್ರಾಫನ್ನೂ ಬಿಡಿಸಿತು. ನಗುತ್ತಲೇ ಹೇಳಿದಿರಿ —

“ಮೇಡಂ, ನಿಮ್ದು ಊರೂರು ಸುತ್ಕೊಂಡು ಬರೋ ಬಸ್ಸು. ನಂದು ನೇರ ಬಂತು, ಅಷ್ಟೆ.”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾಗರಾಜ. ಅವನು ಒಬ್ಬ ಕಂಟ್ರಾಕ್ಟರರ ಬಳಿ ಸರ್ವೆ ಕೆಲಸಕ್ಕಿದ್ದ ಎಳೆಯ ಹುಡುಗ, ಎರಡು ವರ್ಷದ ಅನುಭವದವನು. ಅವನದು ಅಗ್ಗದ ಕ್ಯಾಲ್ಕುಲೇಟರ್ — ಪ್ರೋಗ್ರಾಮ್ ಹಿಡಿಸುತ್ತದೆ, ಗ್ರಾಫ್ ಬಾರದು, ಜಾಗವೂ ಕಡಿಮೆ. ನನ್ನ ನಲವತ್ತೊಂದು ಸಾಲು ಅದರಲ್ಲಿ ಹಿಡಿಯುತ್ತಿರಲಿಲ್ಲ, ನಿಮ್ಮ ಹತ್ತೊಂಬತ್ತು, ಗ್ರಾಫಿನದ್ದು ಬಿಟ್ಟು, ಹಿಡಿಯುವಂತಿತ್ತು. “ಮುಂದಿನ ಅಂಕಿಚುಕ್ಕಿಲಿ ಇದನ್ನೇ ಹಾಕ್ರಿ ಮೇಡಂ,” ಎಂದ. ನೀವು ಹಾಳೆ ಕೊಟ್ಟಿರಿ. ನಾನು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ಶಿವಮೊಗ್ಗದ ಬಸ್ಸಿನಲ್ಲಿ ಕೂತು ತೆಗೆದು ನೋಡಿದಾಗ — ಹೇಗೆ ಹೇಳಲಿ — ಅದು ಅಷ್ಟು ಚೆನ್ನಾಗಿತ್ತು. ಒಂದು ಸಾಲೂ ಹೆಚ್ಚಿಲ್ಲ. ಚೆನ್ನಾಗಿಲ್ಲದಿದ್ದರೆ ನಾನು ಏನೂ ಮಾಡುತ್ತಿರಲಿಲ್ಲ.

ದಿಬ್ಬವಾದರೆ ಕಳೆಯಬೇಕು, ತಗ್ಗಾದರೆ ಕೂಡಬೇಕು. ತಗ್ಗಿನದು ಹದಿನಾಲ್ಕನೇ ಸಾಲು. ನೀವು ಜೊತೆಗೆ ಕೊಟ್ಟಿದ್ದ ಉದಾಹರಣೆಯ ಲೆಕ್ಕ ದಿಬ್ಬದ್ದು. ಅಂದರೆ ಯಾರು ಪರೀಕ್ಷೆ ಮಾಡಿ ನೋಡಿದರೂ ಉತ್ತರ ಸರಿಯೇ ಬರುತ್ತದೆ. ತಗ್ಗಿನ ಲೆಕ್ಕ ಹಾಕಿದಾಗ ಮಾತ್ರ ತಪ್ಪು. ಇದನ್ನೆಲ್ಲ ಯೋಚಿಸಿಯೇ ಪೆನ್ನು ಹಿಡಿದೆ. ಕೂಡುವ ಚಿಹ್ನೆಯಲ್ಲಿ ಅಡ್ಡಗೆರೆ ಎಳೆದೆ, ನಿಂತ ಗೆರೆ ಎಳೆಯಲಿಲ್ಲ. ಅದೇ ಸಂಚಿಕೆಯ ಕೆಳಗೆ, ಕಳೆಯುವ ಬಟನ್ ಬೇರೆ, ಋಣಚಿಹ್ನೆಯ ಬಟನ್ ಬೇರೆ, ಒತ್ತುವಾಗ ಜಾಗ್ರತೆ ಎಂದು ಓದುಗರಿಗೆ ಬುದ್ಧಿಮಾತನ್ನೂ ಬರೆದೆ. ನಿಮ್ಮ ಹಾಳೆಯನ್ನು ಮರುದಿನ ಬೆಳಿಗ್ಗೆ ಬಚ್ಚಲೊಲೆಗೆ ಹಾಕಿದೆ.

ಮುಂದಿನ ಸಭೆಯಲ್ಲಿ ತಪ್ಪನ್ನು ನಾನೇ ಕಂಡುಹಿಡಿದಂತೆ ಎತ್ತಿ ತೋರಿಸಬೇಕು, ನಿಮ್ಮ ಮುಖ ಸಣ್ಣದಾಗಬೇಕು — ನನ್ನ ಲೆಕ್ಕ ಇದ್ದದ್ದು ಅಷ್ಟು. ಇಲ್ಲಿಗೇ ನಿಲ್ಲಿಸಿದರೆ ನನ್ನ ತಪ್ಪು ಸಣ್ಣದಾಗಿ ಕಾಣುತ್ತದೆ. ಆದರೆ ನಾಗರಾಜ ಸಭೆಯವರೆಗೆ ಕಾಯಲಿಲ್ಲ. ಪತ್ರಿಕೆ ಸಿಕ್ಕ ವಾರವೇ ಕಾಲೇಜಿಗೆ ಬಂದ. ಗಾಜನೂರು ಕಡೆಯ ಒಂದು ಒಳರಸ್ತೆಯಲ್ಲಿ ಮೋರಿಯ ಹತ್ತಿರ ತಗ್ಗು ಇದೆ, ಅಲ್ಲಿಗೆ ಲೆವೆಲ್ — ರಸ್ತೆ ಎಷ್ಟು ಎತ್ತರಕ್ಕೆ ಬರಬೇಕೆಂದು — ಕೊಡಬೇಕು ಎಂದ.

“ನೀವು ಒಂದ್ಸಲ ನೋಡಿದೀರಲ್ಲ ಮೇಡಂ? ನಂಬಬಹುದಾ?”

ತಗ್ಗು ಎಂಬ ಮಾತು ನನ್ನ ಕಿವಿಗೆ ಬಿದ್ದಿತ್ತು. ಬೀಳಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಬಿದ್ದಿತ್ತು.

“ಉದಾಹರಣೆ ಹಾಕಿ ನೋಡಿ. ಸರಿ ಬಂದ್ರೆ ಬಳಸಿ,” ಅಂದೆ.

ಅವನು ನಮಸ್ಕಾರ ಮಾಡಿ ಹೋದ.

ಅವತ್ತು ಅವನನ್ನು ಕೂಗಿ ನಿಲ್ಲಿಸಬಹುದಿತ್ತು. ಕಾರಿಡಾರಿನ ತುದಿ ಮುಟ್ಟುವವರೆಗೂ ನೋಡುತ್ತಲೇ ಇದ್ದೆ — ಕೂಗಲಿಲ್ಲ. ಕೂಗಿದರೆ ನಿಮ್ಮ ಪ್ರೋಗ್ರಾಮ್ ಸರಿಯಾಗಿಬಿಡುತ್ತಿತ್ತು.

ಅದಾದ ಮೇಲಿನ ಎರಡು ಸಭೆಗಳಿಗೆ ನಾಗರಾಜ ಬರಲಿಲ್ಲ, ಕೆಲಸದ ಮೇಲಿದ್ದ. ನಾನೂ ಬಾಯಿಬಿಡಲಿಲ್ಲ, ಅವನು ಲೆವೆಲ್ ಕೊಟ್ಟಾಗಿದೆ ಎಂದು ಗೊತ್ತಾದ ಮೇಲೆ ಬಾಯಿಬಿಡುವ ಧೈರ್ಯ ಹೋಗಿತ್ತು. ಟಾರು ಬಿದ್ದು ಮೊದಲ ಮಳೆಗೆ ಆ ಮೋರಿಯ ಮೇಲೆ ನೀರು ನಿಂತಿತು. ಅಳೆದು ನೋಡಿದರೆ ರಸ್ತೆ ಇರಬೇಕಾದ್ದಕ್ಕಿಂತ ಕೆಳಗಿದೆ. ಕಂಟ್ರಾಕ್ಟರರು ಅವನನ್ನು ಆ ದಿನವೇ ಕೆಲಸದಿಂದ ತೆಗೆದರು. ಬೇರೆ ಕಡೆ ಕೇಳಲು ಹೋದರೆ, ಅವನಿಗಿಂತ ಮೊದಲೇ ‘ಲೆವೆಲ್ ತಪ್ಪಿಸಿದವನು’ ಎಂಬ ಮಾತು ಹೋಗಿರುತ್ತಿತ್ತು.

ಮುಂದಿನ ಭಾನುವಾರದ ಸಭೆ ನಿಮಗೆ ನೆನಪಿದೆ. ನಾಗರಾಜ ಚಪ್ಪಲಿ ಬಿಡದೆ ಮಹಡಿ ಹತ್ತಿ ಬಂದ. ಪತ್ರಿಕೆಯನ್ನು ನಿಮ್ಮ ಮುಖಕ್ಕೆ ಎಸೆದ.

“ನಿನ್ನ ನಂಬ್ಕೊಂಡು ನನ್ನ ಅನ್ನ ಹೋಯ್ತಲ್ಲೋ ಮಾರಾಯ! ನೇರ ಬಂತಂತೆ, ನೇರ!”

ನೀವು ಪತ್ರಿಕೆ ಎತ್ತಿಕೊಂಡು ಬೆರಳಿಟ್ಟು ಓದಿದಿರಿ. ಹದಿನಾಲ್ಕನೇ ಸಾಲಿನ ಮೇಲೆ ಬೆರಳು ನಿಂತಿತು. “ಇದು ನಾನು ಬರ್ದಿದ್ದಲ್ಲ. ನಾನು ಬರ್ದಿದ್ದು ಪ್ಲಸ್ಸು. ನನ್ನ ಮಿಷಿನ್ನಲ್ಲಿ ನೋಡಿ, ಪ್ಲಸ್ಸೇ ಇದೆ.”

“ಮಿಷಿನ್ನಲ್ಲಿ ಆಮೇಲೆ ತಿದ್ಕೊಂಡಿರ್ತೀಯ,” ಎಂದು ಯಾರೋ ಅಂದರು.

“ಮೇಡಂ ಹತ್ರ ನನ್ನ ಹಾಳೆ ಇದೆ. ತೋರ್ಸಿ ಮೇಡಂ.”

ಎಲ್ಲರೂ ನನ್ನತ್ತ ತಿರುಗಿದರು.

“ಅವ್ರು ಬರ್ದುಕೊಟ್ಟಿದ್ದೇ ಹಾಗೆ,” ಅಂದೆ. “ನಾನು ನೋಡ್ಕೊಂಡು ಇಳಿಸಿದ್ದೀನಿ. ಹಾಳೆ ಎಲ್ಲಾ ಎಸೆದಾಯ್ತು.”

ನನ್ನದು ಪಾಠ ಮಾಡುವ ದನಿ — ಅದನ್ನು ಯಾರೂ ಅನುಮಾನಿಸುವುದಿಲ್ಲ. ಲೇತಿನವನ ಮಾತು ಒಂದು ಕಡೆ, ಲೆಕ್ಚರರ್ ಮಾತು ಒಂದು ಕಡೆ; ತಕ್ಕಡಿ ಯಾವ ಕಡೆ ವಾಲುತ್ತದೆಂದು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಿತ್ತು.

ಹಾಲಪ್ಪನವರು ನಿಮ್ಮ ಪರವಾಗಿಯೇ ಮಾತಾಡಲು ನೋಡಿದರು. “ತಪ್ಪಾಯ್ತು ಅಂತ ಒಂದ್ ಮಾತು ಹೇಳಿಬಿಡಪ್ಪ. ಎಲ್ಲರಿಗೂ ಆಗುತ್ತೆ. ಮುಗೀತು.”

“ಮಾಡಿದ್ರೆ ಹೇಳ್ತಿದ್ದೆ ಸಾರ್.”

ಅಷ್ಟೇ ಹೇಳಿ ಮೆಟ್ಟಿಲಿಳಿದಿರಿ. ಕೆಳಗೆ ಸೈಕಲ್ ಸ್ಟ್ಯಾಂಡ್ ತೆಗೆದ ಸದ್ದು ಕೇಳಿಸಿತು. ಆಗ ನನಗೆ ಏನನಿಸಿತೆಂದು ನೀವು ಕೇಳಿದರೆ — ಸಂತೋಷ. ಶುದ್ಧ ಸಂತೋಷ. ಮಂಡಕ್ಕಿ ತಿಂದೆ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ನಾನು ಕೂತಿದ್ದೆ, ನೀವು ನನ್ನ ಸೀಟಿನ ಪಕ್ಕ ಕಂಬಿ ಹಿಡಿದು ನಿಂತಿದ್ದಿರಿ. ಬಗ್ಗಿ, ಮೆಲ್ಲಗೆ ಕೇಳಿದಿರಿ.

“ಒಂದೇ ಮಾತು ಮೇಡಂ. ಕೈತಪ್ಪಿದ್ರೆ ಯಾವ ಸಾಲಲ್ಲಾದ್ರೂ ತಪ್ಪಬೇಕಿತ್ತು. ಉದಾಹರಣೆಲಿ ಸಿಕ್ಕದೇ ಇರೋ ಆ ಒಂದು ಸಾಲಲ್ಲೇ ಯಾಕೆ ತಪ್ತು? ಪ್ರೋಗ್ರಾಂ ಪೂರ್ತಿ ಅರ್ಥ ಆದೋರು ಮಾತ್ರ ಅದನ್ನ ಆರಿಸೋಕಾಗೋದು. ನಮ್ಮಲ್ಲಿ ಅಂಥವ್ರು ಇಬ್ರೇ.”

ಹತ್ತೊಂಬತ್ತು ಸಾಲಿನಲ್ಲಿ ಬರೆದವರಲ್ಲವೇ — ಇದನ್ನೂ ಒಂದೇ ಮಾತಿನಲ್ಲಿ ಮುಗಿಸಿದಿರಿ. ನಾನು ಒಪ್ಪಿಕೊಳ್ಳಬಹುದಿತ್ತು. ಕೇಳುವವರು ನೀವೊಬ್ಬರೇ ಇದ್ದಿರಿ.

“ಹೀಗೆ ಹೆಸರು ಕೆಡಿಸೋ ಮಾತಾಡ್ಕೊಂಡು ತಿರುಗಿದ್ರೆ ನಿಮ್ಮ ಕಾರ್ಖಾನೆಗೆ ಬಂದು ಕಂಪ್ಲೇಂಟ್ ಕೊಡ್ತೀನಿ,” ಅಂದೆ. ಸುತ್ತಲಿನವರಿಗೆ ಕೇಳಲೆಂದು ಸ್ವಲ್ಪ ಜೋರಾಗಿಯೇ ಅಂದೆ. ಜನ ತಿರುಗಿ ನೋಡಿದರು — ಒಬ್ಬ ಹೆಂಗಸನ್ನು ಬಸ್ಸಿನಲ್ಲಿ ಪೀಡಿಸುವವನನ್ನು ನೋಡುವ ಹಾಗೆ. ನೀವು ಮಲವಗೊಪ್ಪದಲ್ಲೇ ಇಳಿದುಬಿಟ್ಟಿರಿ. ಅದು ನಿಮ್ಮ ಸ್ಟಾಪಲ್ಲ. ಬಿಸಿಲಿನಲ್ಲಿ ಭದ್ರಾವತಿಯ ಕಡೆಗೆ ನಡೆಯತೊಡಗಿದ್ದನ್ನು ಕಿಟಕಿಯಿಂದ ನೋಡಿದೆ.

ನಾನು ಕಾರ್ಖಾನೆಗೆ ಬರಲಿಲ್ಲ. ಆದರೆ ಬರಬಹುದೆಂದು ನೀವು ಎಷ್ಟು ದಿನ ಕಾದಿರೋ. ಗುತ್ತಿಗೆಯ ಮೇಲೆ ದುಡಿಯುವವರ ನಿದ್ದೆ ಕೆಡಿಸಲು ಅಷ್ಟು ಸಾಕು.

ಗುಂಪು ಒಂದು ವರ್ಷವೂ ಬಾಳಲಿಲ್ಲ. ಪತ್ರಿಕೆಗೆ ಪ್ರೋಗ್ರಾಮ್ ಕೊಡಲು ಎಲ್ಲರಿಗೂ ಅಂಜಿಕೆ. ಬಂದವರು ಒಬ್ಬರನ್ನೊಬ್ಬರು ಕುಟುಕುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು, ಯಾರಿಗೂ ಕ್ಯಾಲ್ಕುಲೇಟರ್ ಬೇಕಿರಲಿಲ್ಲ. ನಾನೂ ಮರೆತೆ ಅಂದುಕೊಂಡಿದ್ದೆ.

ಹೋದ ತಿಂಗಳು ಒಂದು ನಲ್ಲಿ ಕೊಳ್ಳಲು ಹಾರ್ಡ್‌ವೇರ್ ಅಂಗಡಿಗೆ ಹೋದರೆ ಒಳಗಿದ್ದವನು ನಾಗರಾಜ. ಸರ್ವೆ ಬಿಟ್ಟು ಹನ್ನೆರಡು ವರ್ಷವಾಯಿತಂತೆ; ಅಂಗಡಿ ಅವನ ಭಾವನದು, ಇವನು ಅಲ್ಲಿ ಕೆಲಸಕ್ಕೆ. ನನ್ನನ್ನು ಕಂಡು ಎದ್ದು ನಿಂತ. ಸ್ಟೂಲು ಒರೆಸಿಕೊಟ್ಟ.

“ಆ ಗುಂಪಲ್ಲಿ ನಿಯತ್ತಿನೋರು ಅಂದ್ರೆ ನೀವೊಬ್ರೇ ಮೇಡಂ. ಆ ಮುರುಗೇಶನಿಗೆ ಬಸ್ ಸ್ಟ್ಯಾಂಡಲ್ಲಿ ಹಿಡ್ಕೊಂಡು ನಾಲ್ಕು ಬಾರಿಸಿದ್ದೆ, ಗೊತ್ತಾ? ತಿರುಗಿ ಕೈ ಎತ್ತಲಿಲ್ಲ. ಎತ್ತಲಿಲ್ಲ ಅಂದ್ಮೇಲೆ ತಪ್ಪಿತ್ತು ಅಂತಾನೇ ಅರ್ಥ ತಾನೆ?”

ಹೊಡೆದದ್ದು ನನಗೆ ಗೊತ್ತಿರಲಿಲ್ಲ, ಮುರುಗೇಶ್. ನಲ್ಲಿ ಕೊಂಡು ಬಂದುಬಿಟ್ಟೆ. ಮೂರು ದಿನ ಕಳೆದು ಮತ್ತೆ ಹೋಗಿ, ಸ್ಟೂಲಿನ ಮೇಲೆ ಕೂರದೆ, ನಿಂತೇ ಹೇಳಿದೆ — ಸಾಲು ಕೆಡಿಸಿದ್ದು, ಅವನು ಕಾಲೇಜಿಗೆ ಬಂದು ಕೇಳಿದಾಗ ಗೊತ್ತಿದ್ದೂ ಕಳಿಸಿದ್ದು, ಎರಡನ್ನೂ. ಅವನು ಕೈಯಲ್ಲಿದ್ದ ಪೈಪಿನ ತುದಿಯನ್ನು ಹೆಬ್ಬೆರಳಲ್ಲಿ ಉಜ್ಜಿದ.

“ನಂಗೆ ಮಾಡಿದ್ದು ಇರ್ಲಿ. ಅವ್ನಿಗೆ ನನ್ನ ಕೈಯಲ್ಲಿ ಹೊಡೆಸಿದ್ರಲ್ಲ,” ಎಂದ. ಆಮೇಲೆ, “ಇಳೀರಿ ಮೇಡಂ ಅಂಗಡಿಯಿಂದ.”

ಇಳಿದೆ.

ನಿಮ್ಮ ಹಳೆಯ ವಠಾರದವರು ನೀವೀಗ ಹೊಸೂರಿನಲ್ಲಿದ್ದೀರಿ ಎಂದು ವಿಳಾಸ ಕೊಟ್ಟರು. ಆ ವರ್ಷದ ನಂತರ ನೀವು ಕ್ಯಾಲ್ಕುಲೇಟರ್ ಮುಟ್ಟಲೇ ಇಲ್ಲವೆಂದೂ, ತಂಗಿಯ ಮಕ್ಕಳಿಗೆ ಆಡಲು ಕೊಟ್ಟಿರೆಂದೂ ಹೇಳಿದರು. ಇದಕ್ಕೆ ಏನು ಬರೆಯಬೇಕೋ ತಿಳಿಯದೆ ಒಂದು ದಿನ ಪೂರ್ತಿ ಪೆನ್ನು ಕೆಳಗಿಟ್ಟಿದ್ದೆ. ಈಗಲೂ ತಿಳಿದಿಲ್ಲ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿ ನಿಮ್ಮ ತಲೆಯ ಮೇಲೆ ಇನ್ನೊಂದು ಕೆಲಸ ಹೊರಿಸುವುದಿಲ್ಲ. ನನ್ನ ಸಹಿ ಹಾಕಿದ ಈ ಕಾಗದದ ಪ್ರತಿಗಳು ಉಳಿದವರಿಗೆಲ್ಲ ಅಂಚೆಯಲ್ಲಿ ಹೋಗುತ್ತಿವೆ. ಹಾಲಪ್ಪನವರಿಗೆ ಮಾತ್ರ ಅಂಚೆಯಲ್ಲಿ ಕಳಿಸುವುದಿಲ್ಲ. ಅವರಿಗೆ ಕಣ್ಣು ಕಾಣುವುದಿಲ್ಲ, ಓದಲಾರರು. ಈ ಭಾನುವಾರ ನಾನೇ ಹೋಗಿ ಬಾಯಲ್ಲಿ ಹೇಳುತ್ತೇನೆ. ಕಿವಿಯೂ ಮಂದವಂತೆ. ಜೋರಾಗಿ ಕೂಗಿ ಹೇಳಬೇಕು — ಅವರ ಮನೆಯವರಿಗೂ, ಪಕ್ಕದ ಮನೆಯವರಿಗೂ, ಬೀದಿಯಲ್ಲಿ ಹೋಗುವವರಿಗೂ ಕೇಳುವ ಹಾಗೆ.