ಕಂಡವರು ಯಾರು ಎಂಬ ಕಾಲಂ

ಕಾಲುವೆಗೆ ನೀರು ಬಿಟ್ಟ ಮೊದಲ ವರ್ಷಗಳಲ್ಲಿ ನಾನು ದೋರನಹಳ್ಳಿಯಲ್ಲಿ ಮನೆ ಮನೆ ತಿರುಗಿ ಹೆಂಗಸರಿಗೆ ಪ್ರಶ್ನೆ ಕೇಳುತ್ತಿದ್ದೆ. ನೀರು ಬಂದ ಮೇಲೆ ಅವರ ದುಡಿಮೆ ಹೆಚ್ಚಿತೋ ಇಳಿಯಿತೋ ಎಂಬುದು ನಮ್ಮ ಅಧ್ಯಯನ. ಅಧ್ಯಯನವೆಂದರೆ ಭಾರಿ ಏನಲ್ಲ: ಒಬ್ಬ ಮೇಡಂ, ನಾನು, ನನ್ನ ಗೆಳತಿ. ಮೂರು ವರ್ಷ, ವರ್ಷಕ್ಕೊಂದು ಸುತ್ತು. ರಂಗಂಪೇಟೆಯ ನಮ್ಮ ಮನೆಯಿಂದ ಬೆಳಗಿನ ಬಸ್ಸು ಹಿಡಿಯುವುದು, ಸಂಜೆ ಚಪ್ಪಲಿಗೆ ಮೆತ್ತಿದ ಕರಿಮಣ್ಣಿನೊಂದಿಗೆ ವಾಪಸ್ಸು.

ಮೂರನೆಯ ಸುತ್ತು ಮುಗಿದಾಗ ಮೇಡಂ ಹೊಸ ನಮೂನೆ ತಂದರು. ಮೆಟಾಡೇಟಾ ಎಂದರು, ಮಾಹಿತಿಯ ಬಗೆಗಿನ ಮಾಹಿತಿ. ಪ್ರತಿ ಹಾಳೆಗೂ ಬರೆದವರು ಯಾರು, ಯಾವ ದಿನ, ಯಾವ ಮನೆ, ಹೇಳಿದವರು ಯಾರು, ಕಂಡವರು ಯಾರು, ಎಲ್ಲವನ್ನೂ ಬೇರೆ ಸಂಶೋಧಕರು ಬಳಸುವ ಅದೇ ಕ್ರಮದಲ್ಲಿ ತುಂಬಬೇಕಂತೆ. ನನಗೆ ಸಿಟ್ಟು ಬಂತು.

"ಮೂರು ಮಂದಿ ಕೆಲಸಕ್ಕ ಇಷ್ಟೆಲ್ಲಾ ಯಾಕ್ರಿ ಮೇಡಂ? ಎಲ್ಲಾ ನೆನಪದ ಅಲ್ರಿ ನಮಗ."

"ನಿನ್ನ ನೆನಪು ಎಷ್ಟು ಗಟ್ಟಿ ಅದ, ತುಂಬು, ಗೊತ್ತಾಗ್ತದ," ಎಂದರು ಅವರು.

ಗೊಣಗುತ್ತಲೇ ತುಂಬಿದೆ. ಕಾಲುವೆ ದಂಡೆಯ ಒಂದು ಮನೆಗೆ ಬಂದಾಗ ಪೆನ್ನು ನಿಂತಿತು. ಆ ಮನೆಯ ಒಬ್ಬಳೇ ಮಗಳಿಗೆ ಮೊದಲ ಸುತ್ತಿನಲ್ಲಿ ಹದಿನಾಲ್ಕು ವರ್ಷ, ಆಮೇಲೆ ಹದಿನೈದು, ಹದಿನಾರು. ಒಮ್ಮೆ ಹತ್ತಿ ಬಿಡಿಸಲು ಹೋಗಿದ್ದಾಳೆ, ಒಮ್ಮೆ ಕಳೆ ತೆಗೆಯಲು, ಒಮ್ಮೆ ಭತ್ತದ ನಾಟಿಗೆ. ಹೇಳಿದವಳು ಮೂರು ಸಲವೂ ತಾಯಿ. ಕಂಡವರು? ಹುಡುಗಿಯನ್ನು ತಾನು ಕಂಡಿಲ್ಲವೆಂದು ಗೆಳತಿ ತಲೆಯಾಡಿಸಿದಳು.

ಆ ಮನೆಯ ಹಾಳೆಗಳ ನಡುವೆ ನನ್ನದೇ ಅಕ್ಷರದ ಒಂದು ಚೀಟಿ ಸಿಕ್ಕಿತು. "ಹುಡುಗಿ ನೀರು ತಂದುಕೊಟ್ಟಳು. ಹಸಿರು ಬಳೆ. ತಲೆಗೂದಲು ಒದ್ದೆ." ಸದ್ಯ, ನಾನೇ ಕಂಡಿದ್ದೇನೆ! ಆದರೆ ಚೀಟಿಯಲ್ಲಿ ದಿನವಿಲ್ಲ, ಮನೆಯ ನಂಬರಿಲ್ಲ. ಅದನ್ನು ಕೇಳಿ ಬರೋಣವೆಂದು ಮರುದಿನವೇ ಬಸ್ಸು ಹತ್ತಿದೆ.

ಆ ಮನೆಯ ಬಾಗಿಲು ತಟ್ಟುವ ಮೊದಲೇ ಪಕ್ಕದ ಮನೆಯ ಮುದುಕಿ ನನ್ನನ್ನು ಕರೆದಳು. ಯಾಕೆ ಬಂದೆನೆಂದು ತಿಳಿದು ದನಿ ತಗ್ಗಿಸಿದಳು.

"ಆ ಹುಡುಗಿ ನೀರು ಬಿಟ್ಟ ವರ್ಷಾನೇ ಕಾಲುವಿಗಿ ಬಿದ್ದು ಹೋತ್ರಿ. ನೀವಿನ್ನೂ ಈ ಊರಿಗಿ ಬಂದಿದ್ದಿಲ್ಲ. ಹೆಣ ಸಿಗಲಿಲ್ಲ, ಅದಕ್ಕ ದಿನಾ, ತಿಥಿ ಏನೂ ಮಾಡಿಲ್ಲ. ದಿನಾ ಮಾಡಲಾರದ ಸತ್ತಾಳ ಅಂತ ಹ್ಯಾಂಗ ಅನ್ನಬೇಕ್ರಿ? ಮನ್ಯಾಗ ಎಷ್ಟು ಮಂದಿ ಅಂತ ಕೇಳಿದ್ರ ಅಕಿನ್ನೂ ಹಿಡಿದೇ ಹೇಳ್ತಾರ."

ಚೀಟಿ ಕೈಯಲ್ಲೇ ಇತ್ತು. ಅಲ್ಲಿಂದಲೇ ಹಿಂದಿರುಗಿದ್ದರೆ ಜಾಣತನವಾಗುತ್ತಿತ್ತು. ನನಗೆ ಆ ಬುದ್ಧಿ ಆಗ ಇರಲಿಲ್ಲ.

ತಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಮ್ಮ ಹಾಳೆಯಿಂದ ಮಗಳ ಹೆಸರು ತೆಗೆದು ಹಾಕಬೇಕಾಗುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ. "ಯವ್ವಾ, ನಿಮ್ಮ ಮನ್ಯಾಗ ಒಬ್ಬ ಹುಡುಗಿ ನನಗ ನೀರು ಕೊಟ್ಟಿದ್ಲೇನು?" ಎಂದುಬಿಟ್ಟೆ.

ಮೊರ ನಿಂತಿತು. "ನಮ್ಮ ಮನ್ಯಾಗ ಬ್ಯಾರೆ ಹುಡುಗ್ಯಾರು ಯಾರೂ ಇಲ್ರಿ. ಏನು ಬರ್ದೀರಿ, ಓದ್ರಿ."

ಓದಿದೆ. ಮತ್ತೊಮ್ಮೆ ಓದಿಸಿದಳು. ಒದ್ದೆ ಕೂದಲು ಎಂದಾಗ ನನ್ನ ಮುಂಗೈ ಹಿಡಿದಳು. ಅವಳ ಕೈ ತಣ್ಣಗಿತ್ತು. ನಾನು ಹೆದರಿದೆ. ಯಾರಿಗೆ ಹೆದರಿದೆನೋ ಇವತ್ತಿಗೂ ಗೊತ್ತಿಲ್ಲ. ಎಷ್ಟು ನೆನಪಿಸಿಕೊಂಡರೂ ಆ ಹುಡುಗಿಯ ಮುಖ ಹೊಳೆಯುತ್ತಿರಲಿಲ್ಲ.

"ಇದು ಯಾವ ಮನಿದು ಅಂತ ನಾ ಬರ್ದಿಲ್ಲವ್ವಾ. ಬ್ಯಾರೆಯವರ ಮನಿದೂ ಇರಬಹುದು," ಎಂದೆ.

ಅವಳು ಕೈ ಬಿಡಲಿಲ್ಲ.

"ನಾ ಮೂರು ವರ್ಷ ಬರೇ ವಯಸ್ಸು ಹೇಳೀನ್ರಿ. ನೀವು ನೋಡೀರಿ. ಎಷ್ಟು ಎತ್ತರ ಆಗ್ಯಾಳ್ರಿ, ಅಕ್ಕಾರ?"