ಕಾಕಾ ಎತ್ತದಿದ್ದ ಐದು ಆಕ್ಷೇಪಗಳು

ನಮ್ಮ ಕಡೆಯ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಒಂದು ಪದ್ಧತಿ ಇದೆ. ಪ್ರತಿ ಕಾಲೇಜಿನಿಂದ ಇಬ್ಬರು ಬರಬೇಕು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಇಬ್ಬರ ಅಂಕಗಳನ್ನೂ ಕೂಡಿಸಿ ಪರ್ಯಾಯ ಪಾರಿತೋಷಕ ಯಾವ ಕಾಲೇಜಿಗೆಂದು ತೀರ್ಮಾನಿಸುತ್ತಾರೆ. ಅಂದರೆ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಡಬ್ಬಿಯ ರೊಟ್ಟಿ ತಿಂದ ಇಬ್ಬರು ವೇದಿಕೆ ಹತ್ತಿದ ಮೇಲೆ ಒಬ್ಬರ ಮಾತನ್ನೊಬ್ಬರು ಹರಿದು ಹಾಕಬೇಕು. ಎಷ್ಟು ಚೆನ್ನಾಗಿ ಹರಿದರೆ ಅಷ್ಟು ಇಬ್ಬರಿಗೂ ಲಾಭ. ಸವದತ್ತಿಯಲ್ಲಿ ಬಿ.ಎ. ಓದಿದ ಮೂರು ವರ್ಷವೂ ನಾನು ಪರ, ಸಿರಸಂಗಿಯ ನನ್ನ ಗೆಳತಿ ವಿರೋಧ. ಕಿತ್ತೂರು, ರಾಮದುರ್ಗ, ಬೈಲಹೊಂಗಲ, ಎಲ್ಲಿ ಕರೆದರೂ ಹೋದೆವು. ಬರುವಾಗ ಬಸ್ಸಿನಲ್ಲಿ ಅವಳು ನಿದ್ದೆ ಮಾಡುತ್ತಿದ್ದಳು, ನಾನು ನಿರ್ಣಾಯಕರ ತಪ್ಪುಗಳನ್ನು ಎಣಿಸುತ್ತಿದ್ದೆ.

ನಮ್ಮನ್ನು ತಯಾರು ಮಾಡುತ್ತಿದ್ದ ರಾಜ್ಯಶಾಸ್ತ್ರದ ಸರ್ ಕಲಿಸಿದ್ದು ಮುಖ್ಯವಾಗಿ ಒಂದೇ ಪಾಠ. “ಎದುರಿನಾಂವ ಬಾಯಿ ತಗಿಯೂದ್ರಾಗ ಅವನ ಮಾತು ನೀವ ಹೇಳಿಬಿಡ್ರಿ. ಹೇಳಿ ಅಲ್ಲೇ ಮುರದು ಹಾಕ್ರಿ. ಆಮ್ಯಾಲ ಅವಗ ಹೇಳಾಕ ಏನ ಉಳಿತೈತಿ?” ಈ ಪಾಠ ನನಗೆ ಎಷ್ಟು ಹಿಡಿಸಿತೆಂದರೆ, ಮನೆಯಲ್ಲಿ ಅವ್ವ ಬೈಯುವ ಮೊದಲೇ ಅವಳ ಬೈಗುಳವನ್ನು ನಾನೇ ಹೇಳಿ ಅದಕ್ಕೆ ಉತ್ತರವನ್ನೂ ಕೊಡುತ್ತಿದ್ದೆ.

ಗೆದ್ದವರಿಗೆ ಕೊಡುವ ಪ್ರಮಾಣಪತ್ರದಲ್ಲಿ ‘ವ್ಯಕ್ತಿತ್ವ ವಿಕಸನ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಮೂರು ನಿಮಿಷ ಮಾತಾಡಿ ಗಂಟೆ ಬಾರಿಸಿದ ಕೂಡಲೇ ಇಳಿಯುವುದರಿಂದ ಯಾರ ವ್ಯಕ್ತಿತ್ವ ವಿಕಸಿಸುತ್ತದೆ ಎಂದು ನಾನು ಆಗಲೇ ನಗುತ್ತಿದ್ದೆ. ಆದರೆ ಚರ್ಚೆ ಯೋಚಿಸುವುದನ್ನು ಕಲಿಸುತ್ತದೆ ಎಂಬುದನ್ನು ಮಾತ್ರ ಯಾವ ಪುರಾವೆಯೂ ಇಲ್ಲದೆ ನಂಬಿದ್ದೆ. ಎಲ್ಲವನ್ನೂ ಸಂಶಯಪಡುವವರು ಹೀಗೆ ಒಂದನ್ನು ಬಿಟ್ಟಿರುತ್ತಾರೆ.

ಪದವಿ ಮುಗಿದ ವರ್ಷ ಗೆಳತಿಗೆ ಬೈಲಹೊಂಗಲದಲ್ಲಿ ಬಿ.ಎಡ್. ಸೀಟು ಸಿಕ್ಕಿತು. ದಿನಾ ಹೋಗಿ ಬರುವಷ್ಟು ಹತ್ತಿರವಲ್ಲ, ಹಾಸ್ಟೆಲ್‌ನಲ್ಲಿ ಇರಬೇಕು. ದಾಖಲಾತಿಗೆ ಸೋಮವಾರ ಕೊನೆಯ ದಿನ. ಅವಳ ಅಪ್ಪ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಟೀಚರ್ ಆಗಬೇಕೆಂದು ಅವಳು ಹೈಸ್ಕೂಲಿನಿಂದ ಹೇಳುತ್ತ ಬಂದವಳು. ಈ ಸಲ ತಪ್ಪಿದರೆ ಮುಂದಿನ ವರ್ಷದ ಹೊತ್ತಿಗೆ ಮನೆಯಲ್ಲಿ ಬೇರೆಯೇ ಮಾತುಕತೆ ನಡೆದಿರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

“ನಾ ಬಂದು ಮಾತಾಡತೇನಿ,” ಎಂದೆ.

“ಬ್ಯಾಡಽ ಲೇ. ಅಪ್ಪ ತಾನ ವಿಚಾರ ಮಾಡಾಕ ಹತ್ಯಾನ.”

“ವಿಚಾರ ಮಾಡಾಕ ಹತ್ತ್ಯಾರಂದ್ರ ವಿರೋಧ ಅದಾರಂತನಽ ಅರ್ಥ.”

ಸೋಮವಾರಕ್ಕೆ ಎಂಟು ದಿನ ಇರುವಾಗ, ಒಂದು ರವಿವಾರ ಮುಂಜಾನೆ ಸಿರಸಂಗಿಗೆ ಹೋದೆ. ಅವಳ ಅಪ್ಪನದು ಮನೆಯ ಮುಂದೆಯೇ ವೆಲ್ಡಿಂಗ್ ಅಂಗಡಿ. ನನ್ನನ್ನು ಕಂಡು ಕರಿ ಕನ್ನಡಕವನ್ನು ಹಣೆಯ ಮೇಲೆ ಏರಿಸಿದರು.

“ಬಾ ತಂಗಿ, ಕುಂಡ್ರು. ಮನ್ಯಾಗ ಎಲ್ಲಾರೂ ಆರಾಮ?”

“ಆರಾಮ ಅದಾರ್ರಿ ಕಾಕಾ. ಒಂದು ಮಾತು ಹೇಳಾಕ ಬಂದೇನ್ರಿ.”

“ಗೊತ್ತೈತಿ, ಬೈಲಹೊಂಗಲದ್ದು. ಅಲ್ಲಾ, ಆ ಹಾಸ್ಟೆಲ್‌ದಾಗ ಊರಿಗೆ ಎಷ್ಟ ದಿನಕ್ಕೊಮ್ಮಿ ಬಿಡತಾರಂತ?”

“ಅದಕ್ಕ ಬರತೇನ್ರಿ. ಮೊದಲ ನಾ ಹೇಳೂದು ಕೇಳ್ರಿ.”

ಅದಕ್ಕೆ ನಾನು ಬರಲೇ ಇಲ್ಲ. ಬಸ್ಸಿನಲ್ಲಿ ತಯಾರು ಮಾಡಿಕೊಂಡಿದ್ದ ಐದು ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿದೆ. ನೀವು ಹೇಳಬಹುದು, ಹಾಸ್ಟೆಲ್‌ನಲ್ಲಿ ಹುಡುಗಿಯರಿಗೆ ಭದ್ರತೆ ಇಲ್ಲ, ಬಾಗಿಲು ಹಾಕಿದ್ದಾರೋ ಇಲ್ಲವೋ ನೋಡುವವರಿಲ್ಲ ಎಂದು. ನೀವು ಹೇಳಬಹುದು, ಅಲ್ಲಿನ ಊಟದಿಂದ ಹೊಟ್ಟೆ ಕೆಡುತ್ತದೆ ಎಂದು. ನೆಂಟರು ಆಡಿಕೊಳ್ಳುತ್ತಾರೆ ಎನ್ನಬಹುದು. ಮನೆಯಲ್ಲಿ ಕಾಕೂಗೆ, ಅಂದರೆ ಅವಳ ಅವ್ವನಿಗೆ, ಕೈಯಾಸರೆ ತಪ್ಪುತ್ತದೆ ಎನ್ನಬಹುದು. ಎರಡು ವರ್ಷ ಓದಿದರೂ ನೌಕರಿ ಎಲ್ಲಿದೆ ಎಂದು ಕೇಳಬಹುದು. ಒಂದೊಂದಕ್ಕೂ ಖಂಡನೆ ಸಿದ್ಧವಿತ್ತು. ಐದನೆಯದಕ್ಕೆ, ಶಿಕ್ಷಣ ಇರುವುದು ನೌಕರಿಗಲ್ಲ, ಬದುಕಿಗೆ ಎಂದೆ. ಕಿತ್ತೂರಿನಲ್ಲಿ ಇದೇ ಮಾತಿಗೆ ಚಪ್ಪಾಳೆ ಬಿದ್ದಿತ್ತು.

ಕಾಕಾ ನಡುನಡುವೆ “ಹೌದನು?” ಅನ್ನುತ್ತಿದ್ದರು. ಒಮ್ಮೆ “ಹಂಗೂ ಆಕೈತೇನು?” ಎಂದರು. ಎದುರಾಳಿ ಸೋಲುತ್ತಿರುವ ಲಕ್ಷಣ ಎಂದು ನಾನು ದನಿ ಇನ್ನಷ್ಟು ಏರಿಸಿದೆ. ಗೆಳತಿ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಅವಳ ಕಣ್ಣಸನ್ನೆಯನ್ನು ನಾನು ಮೆಚ್ಚುಗೆ ಎಂದುಕೊಂಡೆ.

ಎಲ್ಲ ಮುಗಿದ ಮೇಲೆ ಕಾಕಾ ಹೇಳಿದರು, “ಶ್ಯಾಣ್ಯಾಕಿ ಅದಿ ತಂಗಿ. ಇಷ್ಟೆಲ್ಲಾ ತ್ರಾಸ ಐತಂತ ನಂಗ ಗೊತ್ತಽ ಇರಲಿಲ್ಲ ನೋಡು. ಛಲೋ ಆತು ಹೇಳಿದ್ದು.” ಕನ್ನಡಕ ಇಳಿಸಿಕೊಂಡು ಕೆಲಸಕ್ಕೆ ಕೂತರು.

ಬಸ್ ನಿಲ್ದಾಣದವರೆಗೆ ಗೆಳತಿ ಜೊತೆಗೆ ಬಂದಳು. ನಾನೇ ಕೇಳಿದೆ, “ಐದಕ್ಕ ಐದೂ ಉತ್ತರ ಕೊಟ್ಟೇನಿಲ್ಲ?”

“ಉತ್ತರ ಯಾರಿಗೆ ಬೇಕಾಗಿತ್ತು? ಅಪ್ಪ ಪ್ರಶ್ನಿ ಅಷ್ಟಽ ನೆನಪಿಟ್ಟಾನ.” ಆಮೇಲೆ, “ನನ್ನ ಪರ ಮಾತಾಡಾಕ ಬಂದಿ. ನಾ ಬಾಯಿನೂ ತಗಿಲಿಲ್ಲ, ನನ್ನ ವಿರೋಧದ ಪಾಳಿನೂ ನೀನಽ ಮುಗಿಸಿದಿ,” ಎಂದಳು.

ಅವತ್ತೇ ಸಂಜೆ ಕಾಕಾ ಮನೆಯಲ್ಲಿ “ಈ ವರ್ಷ ಬ್ಯಾಡ” ಅಂದರಂತೆ. ಅವಳು ಫೋನ್ ಮಾಡಿ ಹೇಳಿದಾಗ ಅಳುತ್ತಿರಲಿಲ್ಲ, ಬೈಯಲೂ ಇಲ್ಲ. ನನ್ನ ಬಳಿ ಸಮರ್ಥನೆ ಸಿದ್ಧವಿತ್ತು. ಆ ಆಕ್ಷೇಪಗಳು ಇವತ್ತಲ್ಲ ನಾಳೆ ಯಾರೋ ಒಬ್ಬರ ಬಾಯಿಂದ ಬಂದೇ ಬರುತ್ತಿದ್ದವು, ಅಲ್ಲವೇ? ಬರಬಹುದಿತ್ತು. ಆದರೆ ಸೋಮವಾರದೊಳಗೆ ಬರುತ್ತಿರಲಿಲ್ಲ. ವೇದಿಕೆಯ ಮೇಲೆ ಎದುರಾಳಿಯ ಮಾತನ್ನು ಮೊದಲೇ ಹೇಳಿ ಮುರಿಯುವುದು ನಡೆಯುತ್ತದೆ, ಯಾಕೆಂದರೆ ಅಲ್ಲಿ ಅವನು ವಿರೋಧಿಸಲೆಂದೇ ನಿಂತಿರುತ್ತಾನೆ. ಕಾಕಾ ಯಾವ ಪಕ್ಷದಲ್ಲೂ ನಿಂತಿರಲಿಲ್ಲ. ಅವರನ್ನು ಕೈಹಿಡಿದು ವಿರೋಧದ ಕಡೆ ನಿಲ್ಲಿಸಿದವಳು ನಾನು.

ಬುಧವಾರ ಅವಳೇ ಅಪ್ಪನ ಹತ್ತಿರ ಕೂತು ಕೇಳಿದಳಂತೆ. “ಆ ಐದೂ ಬಿಡಪಾ, ಅವು ಆಕೀವು. ನಿಂದ ಯಾವುದು?”

ಕಾಕಾ, “ಆ ಜಾಗಾನಽ ನೋಡಿಲ್ಲ ನಾ. ನೋಡಲಾರದ ಹೆಂಗ ಬಿಡಲಿ?” ಅಂದರಂತೆ. ಅಷ್ಟೇ. ಅದು ನನ್ನ ಪಟ್ಟಿಯಲ್ಲೇ ಇರಲಿಲ್ಲ.

ಶನಿವಾರ ಬೈಲಹೊಂಗಲಕ್ಕೆ ಹೊರಟರು. “ಆ ವಕೀಲ ತಂಗಿನೂ ಕರಿ” ಎಂದು ಕಾಕಾ ಹೇಳಿದ್ದರಿಂದ ನಾನೂ ಹೋದೆ. ಬಾಯಿ ತೆರೆಯಬಾರದೆಂದು ಗೆಳತಿಯ ಕಟ್ಟಪ್ಪಣೆ ಇತ್ತು.

ಹಾಸ್ಟೆಲ್‌ನಲ್ಲಿ ಕಾಕಾ ಮೊದಲು ಕಿಟಕಿಯ ಸರಳು ಹಿಡಿದು ಅಲುಗಾಡಿಸಿದರು. ಕೂಡಿಸಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿ, “ಗಟ್ಟಿ ಮಾಡ್ಯಾರ” ಎಂದರು. ವಾರ್ಡನ್ ಎರಡನೆಯ ಶನಿವಾರ, ನಾಲ್ಕನೆಯ ಶನಿವಾರ ಊರಿಗೆ ಬಿಡುತ್ತೇವೆ ಎಂದಾಗ ಅವರ ಮುಖ ಸಡಿಲಾಯಿತು. ಆಮೇಲೆ ನನ್ನ ಆಕ್ಷೇಪಗಳನ್ನು ತೆಗೆದರು.

“ಇಲ್ಲಿ ಊಟಾ ಮಾಡಿದ್ರ ಹುಡುಗ್ಯಾರಿಗೆ ಹೊಟ್ಟಿ ಕೆಡತೈತಂತಲ್ರೀ?”

“ಯಾರ್ರೀ ಹಂಗ ಅಂದಾವ್ರು?” ವಾರ್ಡನ್ ದನಿ ಏರಿತು. “ನಾನೂ ಅದನಽ ಉಣ್ಣಾಕ ಹತ್ತೇನಿ ಹತ್ತ ವರ್ಷದಿಂದ. ನೋಡ್ರಿ, ಹೆಂಗ ಅದೇನಿ.”

ಕಾಕಾ ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಮರಳುವ ಬಸ್ಸಿಗೆ ಕಾಯುತ್ತಿದ್ದಾಗ ಅವರು ನನ್ನನ್ನೇ ಕೇಳಿದರು. “ತಂಗಿ, ಒಂದು ಉಳದೈತಿ. ಇಷ್ಟೆಲ್ಲಾ ಓದಿದ್ಮ್ಯಾಲ ನೌಕರಿ ಸಿಗಲಿಲ್ಲಂದ್ರ?”

ಕಿತ್ತೂರಿನ ಚಪ್ಪಾಳೆಯ ವಾಕ್ಯ ನಾಲಿಗೆಯ ತುದಿಗೆ ಬಂತು. ಅದನ್ನು ನಾನು ನಂಬುತ್ತೇನೆಯೇ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತವರು ನಮ್ಮ ಓಣಿಯಲ್ಲೇ ಇದ್ದರು.

“ಗೊತ್ತಿಲ್ರಿ ಕಾಕಾ. ಸಿಗದನೂ ಇರಬಹುದು.”

ಗೆಳತಿ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಅಪ್ಪನಿಗೆ, “ಸಿಗಲಿಲ್ಲಂದ್ರೂ ಕಲಿಸಾಕಂತೂ ಬಂದಿರತೈತೆಲ್ಲೋ ಅಪ್ಪಾ. ನಂಗ ಅದಽ ಬೇಕಾಗೈತಿ,” ಎಂದಳು.

ಬಸ್ಸು ಬಂತು, ಹತ್ತಿದೆವು, ಕಾಕಾಗೆ ಸೀಟು ಸಿಕ್ಕಿತು. ಊರು ದಾಟಿದ ಮೇಲೆ ಹಿಂದೆ ತಿರುಗಿ ಮಗಳಿಗೆ ಕೇಳಿದರು, “ಸೋಮವಾರ ಆಫೀಸು ಎಷ್ಟಕ್ಕ ತಗೀತಾರ?”

ಪ್ರಾಮಾಣಿಕತೆ ಗೆದ್ದಿತು ಎಂದು ಇಲ್ಲಿ ಬರೆಯುವ ಆಸೆ ಇದೆ. ಆದರೆ ಆಧಾರವಿಲ್ಲ. ಕಾಕಾ ಒಪ್ಪಿದ್ದು ಕಿಟಕಿಯ ಬೆಸುಗೆ ನೋಡಿ ಇರಬಹುದು, ಶನಿವಾರಗಳ ಲೆಕ್ಕ ಕೇಳಿ ಇರಬಹುದು, ಮಗಳು ಹೇಳಿದ ಒಂದು ಮಾತಿಗೆ ಇರಬಹುದು. ನನ್ನ ‘ಗೊತ್ತಿಲ್ಲ’ ಯಾರನ್ನೂ ಒಪ್ಪಿಸಲು ಹೇಳಿದ್ದಲ್ಲ ಎಂಬುದಷ್ಟನ್ನು ಖಚಿತವಾಗಿ ಹೇಳಬಲ್ಲೆ. ಮೂರು ವರ್ಷದ ಚರ್ಚೆಯಲ್ಲಿ ನಾನು ಹಾಗೆ ಹೇಳಿದ ವಾಕ್ಯ ಒಂದೂ ನೆನಪಿಲ್ಲ.

ಅವಳೀಗ ಎರಡನೆಯ ವರ್ಷದಲ್ಲಿದ್ದಾಳೆ. ಶಾಲೆಯೊಂದರಲ್ಲಿ ಪಾಠದ ಅಭ್ಯಾಸಕ್ಕೆ ಹೋಗುತ್ತಾಳೆ, ಏಳನೆಯ ತರಗತಿಯ ಮಕ್ಕಳು ತನ್ನನ್ನು ಹೇಗೆ ಆಟ ಆಡಿಸುತ್ತಾರೆಂದು ನಗುತ್ತ ಹೇಳುತ್ತಾಳೆ. ಹೋದ ತಿಂಗಳು ಅವಳನ್ನು ನೋಡಲು ಹೋದವಳು ವಾರ್ಡನ್ ಅನುಮತಿ ಪಡೆದು ಅಲ್ಲೇ ಉಳಿದೆ. ಸಂಜೆ ಊಟದ ಹೊತ್ತಿಗೆ ಕೋಣೆಯ ಹುಡುಗಿಯರಿಗೆಲ್ಲ ಮನೆಯಿಂದ ಫೋನ್ ಬಂದವು. ಉಂಡೆಯಾ, ಏನು ಮಾಡಿದ್ದರು ಎಂದು ಬೇರೆ ಅಪ್ಪಂದಿರು ಕೇಳುತ್ತಿದ್ದರು. ಅವಳ ಅಪ್ಪನ ಮೊದಲ ಪ್ರಶ್ನೆ ಬೇರೆ.

“ದಿನಾ ಇದಽ,” ಎಂದು ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು. “ಈ ಚಿಂತಿ ಹಚ್ಚಿದಾಕಿ ನೀನು, ನೀನಽ ಹೇಳು.”

“ತಂಗಿ, ಆರಾಮ ಅದಿಯಿಲ್ಲೋ? ಅಲ್ಲಾ, ಹೊರಗಿನ ಬಾಗಲಾ ಹಾಕ್ಯಾರೇನು?”

ಹಾಕಿರುತ್ತಾರೆ ಎನ್ನುವುದಕ್ಕೆ ನನ್ನಲ್ಲಿ ಮೂರು ಕಾರಣಗಳಿದ್ದವು. “ಒಂದ ನಿಮಿಷ ತಡೀರಿ ಕಾಕಾ” ಎಂದು ಫೋನು ಹಿಡಿದುಕೊಂಡೇ ಮೆಟ್ಟಿಲಿಳಿದು ಹೋಗಿ, ಬಾಗಿಲನ್ನು ಕೈಯಿಂದ ತಳ್ಳಿ ನೋಡಿ, ಆಮೇಲೆ ಹೇಳಿದೆ.